ಎಲ್ಲವೂ ಸರಿಯಾದ ದಿನ

ಇವರ ಕೈಗೆ ಕೆಟ್ಟ ವಸ್ತು ಸಿಕ್ಕರೆ ಮುಗಿಯಿತು, ಅದು ಸರಿಯಾಗದೆ ವಿಧಿಯಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ತವರಿಗೆ ಬಂದಿದ್ದಾಗ, ಅಳಿಯಂದಿರು ಎಂದು ನಮ್ಮಪ್ಪ ಮನೆಯಲ್ಲಿದ್ದ ಒಳ್ಳೆಯ ಕುರ್ಚಿ ಕೊಟ್ಟು ಕೂರಿಸಿದರೆ, ನಾನು ಚಹಾ ತರುವಷ್ಟರಲ್ಲಿ ಇವರು ನೆಲದ ಮೇಲೆ ಕೂತು ಆ ಕುರ್ಚಿಯ ಕಾಲು ಬಿಚ್ಚಿಟ್ಟುಕೊಂಡಿದ್ದರು. “ಸ್ವಲ್ಪ ಅಲ್ಲಾಡ್ತಿತ್ತು ಮಾವ,” ಅಂದರು. ಅಪ್ಪ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಆಗ ನಗು ಬರುತ್ತಿತ್ತು.

ಬೀದಿಗೆ ಮುಖ ಮಾಡಿದ ಕೆಳಗಿನ ಕೋಣೆ ಇವರ ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಕಾಲಿಂಗ್ ಬೆಲ್ಲು, ಯಾರ ಮನೆಯಲ್ಲಿ ಏನು ಮುಷ್ಕರ ಹೂಡಿದರೂ ಇಲ್ಲಿಗೇ ಬರುತ್ತದೆ. ಮೇಲೆ ನಮ್ಮ ಮನೆ. ನಾನು ಬೀದಿಯ ತಿರುವಿನಲ್ಲಿರುವ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತೇನೆ. ದಿನವಿಡೀ ಊಟಕ್ಕೆ ಮುಂಚೆ, ಊಟ ಆದಮೇಲೆ ಎಂದು ಒಂದೇ ರಾಗ ಹಾಡಿ ನನಗೆ ಸಿಡುಕು ಅಂಟಿಕೊಂಡಿದೆ ಎಂಬುದು ಇವರ ವಾದ. ಸಿಡುಕು ನನ್ನದೇ, ತವರಿನಿಂದ ತಂದದ್ದು. ನಮಗೆ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಇವರು ನಟ್ಟು ಎಂದು ಕರೆದರು, ಅದೇ ನಿಂತುಬಿಟ್ಟಿತು. ಈಗ ಎಂಟನೇ ಕ್ಲಾಸು, ನನ್ನ ಕಿವಿಯವರೆಗೆ ಬೆಳೆದಿದ್ದಾಳೆ. ಆದರೂ ನಟ್ಟು.

ಎಲ್ಲ ಶುರುವಾದದ್ದು ಶಾಲೆಯಲ್ಲಿ ಪೋಷಕರನ್ನು ಕರೆಸಿದ ದಿನ. ಕ್ಲಾಸ್ ಟೀಚರು ನಟ್ಟುವಿನ ಬಗ್ಗೆ ಒಂದೇ ಒಂದು ದೂರು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

“ಒಳ್ಳೆ ಹುಡುಗಿ. ಗಲಾಟೆ ಇಲ್ಲ, ಏನಿಲ್ಲ. ಆದ್ರೆ ಯಾವುದರಲ್ಲೂ ಆಸಕ್ತಿ ಇಲ್ಲ ನೋಡಿ. ಈ ವಯಸ್ಸಲ್ಲಿ ಮಕ್ಕಳಿಗೆ ಏನಾದ್ರೂ ಒಂದು ಹುಚ್ಚು ಹಿಡೀಬೇಕು. ನೀವು ಸ್ವಲ್ಪ ಹುಡುಕೋಕೆ ಸಹಾಯ ಮಾಡಿ,” ಎಂದರು.

ಇವರು ಆಗಲೇ ಎದೆಯ ಜೇಬಿನಲ್ಲಿದ್ದ ಟೆಸ್ಟರ್ ಮುಟ್ಟಿ ನೋಡಿಕೊಂಡರು. ಯಾರಾದರೂ ಯಾವುದಾದರೂ ಕೊರತೆ ಹೇಳಿದರೆ ಇವರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಸುಸ್ತಾಗುತ್ತದೆ. ಚಿತ್ರಕಲೆಗೆ ಹಾಕಿದೆವು; ಬೆಟ್ಟ, ಸೂರ್ಯ, ಎರಡು ಹಕ್ಕಿ ಬರೆದು ಮಗಳು ಬ್ರಷ್ ತೊಳೆದಿಟ್ಟಳು. ಈಜಿಗೆ ಹಾಕಿದೆವು, ಕೊಳದಲ್ಲಿ ಇದ್ದದ್ದಕ್ಕಿಂತ ಶವರ್ ಕೆಳಗೆ ನಿಂತದ್ದೇ ಹೆಚ್ಚು. ಕರಾಟೆಯಲ್ಲಿ ಎದುರಿನ ಹುಡುಗಿಗೆ ಒದೆಯುವ ಮುಂಚೆಯೇ ಸಾರಿ ಕೇಳಿದಳು. ಚೆಸ್ ಕಲಿಸುವವರು, “ಎದುರಿನವರು ಕಾಯಿ ನಡೆಸಿದ್ದೇ ಇವಳಿಗೆ ಗೊತ್ತಾಗಲ್ಲ, ಗಡಿಯಾರದ ಟಿಕ್‌ಟಿಕ್ ಕೇಳ್ಕೊಂಡು ಕೂತಿರ್ತಾಳೆ,” ಎಂದರು. ಕೀಬೋರ್ಡ್ ಕ್ಲಾಸಿನಲ್ಲಿ ಸ್ವಲ್ಪ ದಿನ ಕೂತಳು. ಯಾಕೆ ಬಿಟ್ಟೆ ಎಂದರೆ, “ಎಲ್ಲ ಸ್ವರ ಆಗ್ಲೇ ಅದರೊಳಗೆ ಇದಾವಲ್ಲಮ್ಮ, ಒತ್ತಿದ್ರೆ ಬರ್ತಾವೆ ಅಷ್ಟೆ,” ಎಂದಳು. ಒಳಗೆ ಇಲ್ಲದೆ ಹೊರಗೆಲ್ಲಿಂದ ಬರಬೇಕು ಎಂದು ನಾನು ರೇಗಿದೆ.

“ಎಲ್ಲೋ ಲೂಸ್ ಕನೆಕ್ಷನ್ ಇದೆ ಕಣೇ,” ಎಂದು ಇವರು ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಿದ್ದರು. “ಕರೆಂಟ್ ಇದೆ, ಬಲ್ಬ್ ಚೆನ್ನಾಗಿದೆ. ಮಧ್ಯದಲ್ಲಿ ಎಲ್ಲೋ.”

“ಅವಳು ಟ್ಯೂಬ್‌ಲೈಟ್ ಅಲ್ಲ ರೀ, ಹುಡುಗಿ,” ಎನ್ನುತ್ತಿದ್ದೆ. ನಟ್ಟು ಇಬ್ಬರ ಮಾತನ್ನೂ ಕೇಳಿಸಿಕೊಂಡು ತಟ್ಟೆ ನೋಡುತ್ತಿದ್ದಳು.

ಒಂದು ಸಂಜೆ ಬಟ್ಟೆ ಮಡಚುವಾಗ ಅವಳು ನನ್ನ ಪಕ್ಕಕ್ಕೆ ಬಂದು, “ಅಮ್ಮ, ನನ್ನೊಳಗೆ ಏನೂ ಇಲ್ವೇನೋ ಅಲ್ವಾ? ಕೆಲವರಿಗೆ ಇರೋದೇ ಇಲ್ವೇನೋ,” ಎಂದಳು. ಅಳುತ್ತಿರಲಿಲ್ಲ. ನಾಳೆ ಮಳೆ ಬರಬಹುದು ಎನ್ನುವ ಹಾಗೆ ಹೇಳಿದಳು. ಔಷಧಿ ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆ ಗೋಡೆ ತುಂಬ ಮಾತ್ರೆಗಳಿವೆ. ಇದಕ್ಕೆ ಏನು ಕೊಡಲಿ? ಇರುತ್ತೆ ಕಂದ, ಎಲ್ಲರಿಗೂ ಇರುತ್ತೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ನನಗಾದರೂ ಎಲ್ಲಿತ್ತು?

ಇವರ ಅಂಗಡಿಯಲ್ಲಿ ಹಿಂದಿನ ಗೋಡೆಗೆ ಒಂದು ಉದ್ದನೆಯ ಶೆಲ್ಫ್ ಇದೆ. ಕೊಟ್ಟುಹೋದವರು ವಾಪಸ್ ಬಾರದೆ ಬಿಟ್ಟ ಸಾಮಾನು ಅಲ್ಲಿರುತ್ತದೆ. ಬಿಡಿಭಾಗದ ದುಡ್ಡು ಯಾರು ಕೊಡಬೇಕು, ಬಂದಾಗ ಮಾಡಿಕೊಟ್ಟರಾಯಿತು ಎಂದು ಇವರು ಅವನ್ನು ಮಾತ್ರ ಮುಟ್ಟದೆ ಇಟ್ಟಿರುತ್ತಾರೆ. ನಾನು ಅದಕ್ಕೆ ಅನಾಥಾಲಯ ಎನ್ನುತ್ತೇನೆ. ಪರೀಕ್ಷೆ ಮುಗಿದ ವಾರ ನಟ್ಟು ಅಪ್ಪನ ಹತ್ತಿರ ಹೋಗಿ, “ಅಪ್ಪ, ಆ ಶೆಲ್ಫಲ್ಲಿರೋದನ್ನ ನಾನು ತಗೊಳ್ಲಾ?” ಎಂದು ಕೇಳಿದಳಂತೆ. ಇವರು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

“ಕೇಳಿದ್ಯೇನೇ? ಎಲ್ಲೆಲ್ಲೋ ಹುಡುಕಿದ್ವಿ, ಇಲ್ಲೇ ಇತ್ತು! ರಿಪೇರಿ! ನನ್ನ ರಕ್ತ ಕಣೇ ಅದು, ಎಲ್ಲಿ ಹೋಗುತ್ತೆ?” ಅವರ ಕಣ್ಣು ತುಂಬಿತ್ತು. ಈ ಕೆಲಸ ತನ್ನ ಕಾಲಕ್ಕೇ ಮುಗಿಯುತ್ತದೆ, ಈಗ ಯಾರು ರಿಪೇರಿ ಮಾಡಿಸುತ್ತಾರೆ, ಬಿಸಾಡಿ ಹೊಸದು ತರುತ್ತಾರೆ ಎಂದು ಗೊಣಗುತ್ತಿದ್ದ ಮನುಷ್ಯ ಅವತ್ತು ಎರಡು ತುತ್ತು ಹೆಚ್ಚು ಉಂಡರು.

ಅಂಗಡಿಯ ಹಿಂದೆ ಇದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿ ಅವಳಿಗೆ ಕೊಟ್ಟರು. ಉದ್ದನೆಯ ಸ್ವಿಚ್ ಬೋರ್ಡ್ ಮಾಡಿಕೊಟ್ಟರು. ಸ್ಕ್ರೂಡ್ರೈವರ್‌ಗಳ ಹೊಸ ಸೆಟ್ ಇಟ್ಟರು. ನಟ್ಟು ಬಾಗಿಲು ಹಾಕಿಕೊಂಡಳು. ಶಾಲೆಯಿಂದ ಬಂದರೆ ಬ್ಯಾಗ್ ಬಿಸಾಡಿ ಅಲ್ಲಿಗೇ. ಊಟಕ್ಕೆ ಕರೆದರೆ “ಬಂದೇ” ಎಂಬ ಉತ್ತರ ಮಾತ್ರ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಮಗಳನ್ನು ಊಟಕ್ಕೆ ಬೈದು ಎಬ್ಬಿಸಬೇಕಾಗಿ ಬಂತು. ಬೈಯುತ್ತಲೇ ನನಗೆ ಕುಣಿಯಬೇಕು ಎನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಇವರು ಯಾರದೋ ಮನೆಗೆ ಗೀಸರ್ ನೋಡಲು ಹೋಗಿದ್ದರು. ನಾನು ಹಾಲು ತೆಗೆದುಕೊಂಡು ಕೆಳಗೆ ಇಳಿದೆ. ಬಾಗಿಲ ಹತ್ತಿರ ಹೋದವಳು ಹಾಗೇ ನಿಂತೆ. ಒಳಗಿಂದ ಸದ್ದು ಬರುತ್ತಿತ್ತು. ಮೊದಲು ಗೋಡೆಗೆ ಹಾಕುವ ಹಳೆಯ ಎಕ್ಸಾಸ್ಟ್ ಫ್ಯಾನು, ಅದರ ಸಡಿಲವಾದ ಚೌಕಟ್ಟು ಡಬ್ ಡಬ್ ಎಂದು ನಿಧಾನವಾಗಿ ಬಡಿಯುತ್ತಿತ್ತು. ಅದರ ಮೇಲೆ ಮೇಜಿನ ಫ್ಯಾನು, ಕತ್ತು ಆ ಕಡೆಗೆ ತಿರುಗಿದಾಗ ಒಂದು ಕರ್ರ್, ಈ ಕಡೆಗೆ ತಿರುಗಿದಾಗ ಒಂದು ಟಕ್. ನಡುವೆ ಮಿಕ್ಸಿಯ ಮೋಟಾರು ಕೊರಗುತ್ತಾ ಏರಿ, ಇನ್ನೇನು ಕಿರುಚುತ್ತದೆ ಎನ್ನುವಾಗ ಇಳಿಯಿತು. ಒಂದು ಹೇರ್ ಡ್ರೈಯರ್ ಸೀಟಿ ಹಾಕಿತು. ಎಲ್ಲ ಒಂದು ಕ್ಷಣ ತಡೆದು ನಿಂತಾಗ, ಅರ್ಧ ಸುಟ್ಟ ಕಾಲಿಂಗ್ ಬೆಲ್ಲು ಟಿಂ ಎಂದಿತು. ಟಾಂ ಬರಲೇ ಇಲ್ಲ. ಬಾರದ ಆ ಟಾಂಗಾಗಿ ನಾನು ಉಸಿರು ಹಿಡಿದು ಕಾದೆ. ಅಷ್ಟರಲ್ಲಿ ಮತ್ತೆ ಡಬ್ ಡಬ್ ಶುರುವಾಯಿತು.

ಸಂಗೀತ ನನಗೆ ಗೊತ್ತಿಲ್ಲ. ಇದು ಸಂಗೀತ ಎಂದು ಯಾರಾದರೂ ಒಪ್ಪುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ನನ್ನ ರೋಮ ಎದ್ದು ನಿಂತದ್ದು ಮಾತ್ರ ಗೊತ್ತು.

ಬಾಗಿಲು ತಳ್ಳಿದೆ. ನಟ್ಟು ಸ್ವಿಚ್ ಬೋರ್ಡಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದಳು. ಒಂದು ಕೈ ಫ್ಯಾನಿನ ರೆಗ್ಯುಲೇಟರ್ ಮೇಲೆ. ನನ್ನನ್ನು ಕಂಡವಳೇ ಗಾಬರಿಯಿಂದ ಎಲ್ಲ ಆರಿಸಿದಳು.

“ಯಾಕೆ ನಿಲ್ಲಿಸ್ದೆ?” ಎಂದೆ.

“ಚೆನ್ನಾಗಿತ್ತಾ?” ಎಂದಳು. ಆಮೇಲೆ ಅಣೆಕಟ್ಟು ಒಡೆದ ಹಾಗೆ ಮಾತಾಡಿದಳು. “ಅಮ್ಮ, ಚೆನ್ನಾಗಿರೋ ಫ್ಯಾನೆಲ್ಲ ಒಂದೇ ಥರ ಅಂತಾವೆ. ಕೆಟ್ಟಿರೋದು ಮಾತ್ರ ಒಂದೊಂದೂ ಬೇರೆ. ಈ ಮಿಕ್ಸಿ ಇದೆಯಲ್ಲ, ಇದರ ಥರ ಇನ್ನೊಂದು ಎಲ್ಲೂ ಇಲ್ಲ. ನಾನು ಇವನ್ನ ಜೋಡಿಸ್ತಿದೀನಿ. ಇನ್ನೂ ಪೂರ್ತಿ ಆಗಿಲ್ಲ. ಶಾಲೆಯ ಪ್ರತಿಭಾ ದಿನಕ್ಕೆ ನಾನೇ ಹೆಸರು ಕೊಟ್ಟಿದೀನಿ. ಅಪ್ಪಂಗೆ ಈಗ್ಲೇ ಹೇಳ್ಬೇಡ, ಪ್ಲೀಸ್. ಅಲ್ಲೇ ಕೇಳಿಸ್ಬೇಕು ಅವರಿಗೆ.”

ತಾನೇ ಹೆಸರು ಕೊಟ್ಟಿದ್ದಳು! ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಎರಡನೇ ಸಲಕ್ಕೆ ಓಗೊಡುವ ಹುಡುಗಿ. ಹೇಳಲ್ಲ ಎಂದು ಅವಳ ತಲೆ ಮೇಲೆ ಕೈಯಿಟ್ಟೆ. ಇದೊಂದಾದರೂ ಪೂರ್ತಿ ಅವಳದೇ ಆಗಿರಲಿ, ನಾವಿಬ್ಬರೂ ಮೂಗು ತೂರಿಸಿ ಕೆಡಿಸುವುದು ಬೇಡ ಎಂದುಕೊಂಡೆ.

ಇತ್ತ ಇವರಿಗೆ ಬೇರೆಯೇ ಸಂಕಟ ಹತ್ತಿತ್ತು. ಅವಳು ಕೋಣೆಯಲ್ಲಿ ಸ್ವಿಚ್ ಹಾಕಿದಾಗಲೆಲ್ಲ ಆ ಸದ್ದು ಅಂಗಡಿಯವರೆಗೆ ಕೇಳುತ್ತಿತ್ತಲ್ಲ. ನನಗೆ ರೋಮ ಎದ್ದ ಸದ್ದಿಗೆ ಇವರು ಹಲ್ಲು ಕಚ್ಚುತ್ತಿದ್ದರು.

“ಪಾಪ, ಒಂದೂ ಸರಿ ಆಗ್ತಿಲ್ಲ ಕಣೇ ಅವಳ ಕೈಲಿ. ಮೋಟಾರ್ ಕಡ್ಡಿ ಹಿಡಿಯೋ ಬುಷ್ ಸವೆದಿದೆ, ಶಬ್ದದಲ್ಲೇ ಗೊತ್ತಾಗುತ್ತೆ. ನನ್ನ ಕೇಳೋಕೆ ಸ್ವಾಭಿಮಾನ. ಪ್ರತಿಭಾ ದಿನಕ್ಕೆ ಹೆಸರು ಕೊಟ್ಟಿದಾಳಂತೆ, ಟೀಚರು ಫೋನ್ ಮಾಡಿದ್ರು. ಇವನ್ನೆಲ್ಲ ಹೊತ್ಕೊಂಡು ಹೋಗಿ ಅಲ್ಲಿ ಅಷ್ಟು ಜನರ ಮುಂದೆ ಹಿಂಗೆ ಕಿರುಚಿಸಿದ್ರೆ?”

“ಅವಳ ಪಾಡಿಗೆ ಬಿಡಿ,” ಎಂದೆ.

“ಬಿಟ್ಟಿದೀನಲ್ಲ,” ಎಂದರು. ನಾನು ನಂಬಿದೆ. ಇವರನ್ನು ಕಟ್ಟಿಕೊಂಡು ಇಷ್ಟು ವರ್ಷವಾದ ಮೇಲೂ.

ಪ್ರತಿಭಾ ದಿನದ ಹಿಂದಿನ ಸಂಜೆ ನಾನು ಕೆಲಸದಿಂದ ಬಂದಾಗ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಇವರು ಸ್ನಾನ ಮಾಡಿ, ತಲೆ ಬಾಚಿ, ಹಬ್ಬದ ಮನೆಯವರ ಹಾಗೆ ನಿಂತಿದ್ದರು. ಬೆರಳ ಸಂದಿಯ ಗ್ರೀಸ್ ಮಾತ್ರ ಹೋಗಿರಲಿಲ್ಲ.

“ಬಾ, ಬಾ. ಅವಳೂ ಈಗ ಬರ್ತಾಳೆ. ಇವತ್ತು ಅಂಗಡೀಗೆ ರಜ ಹಾಕಿ ಎಲ್ಲ ಮುಗಿಸ್ಬಿಟ್ಟೆ.”

ನಾನು ಚೀಲ ಕೆಳಗಿಟ್ಟೆ. “ಏನು ಮುಗಿಸಿದ್ರಿ?”

ಅವರು ಉತ್ತರ ಕೊಡುವ ಮೊದಲೇ ನಟ್ಟು ಬಂದಳು. ಅವಳ ಭುಜ ಹಿಡಿದು ಕೋಣೆಯೊಳಗೆ ಕರೆದುಕೊಂಡು ಹೋಗಿ, “ಹಾಕು ಸ್ವಿಚ್,” ಎಂದರು.

ಅವಳು ಹಾಕಿದಳು. ಎಕ್ಸಾಸ್ಟ್ ಫ್ಯಾನು ತಿರುಗಿತು, ಸದ್ದಿಲ್ಲ. ಮೇಜಿನ ಫ್ಯಾನು ಬೆಣ್ಣೆಯ ಹಾಗೆ ಆ ಕಡೆ ಈ ಕಡೆ ಕತ್ತು ಹೊರಳಿಸಿತು. ಮಿಕ್ಸಿ ಎಲ್ಲ ಮಿಕ್ಸಿಗಳ ಹಾಗೆ ಗುಂಯ್ ಎಂದಿತು. ಹೇರ್ ಡ್ರೈಯರ್ ಬರೀ ಗಾಳಿ ಬಿಟ್ಟಿತು. ಇವರಿಗೆ ತಡೆಯಲಾಗದೆ ತಾವೇ ಕೈ ಚಾಚಿ ಬೆಲ್ ಒತ್ತಿದರು. ಟಿಂ ಟಾಂ.

“ಹೆಂಗೆ? ಎಲ್ಲ ಹೊಸದರ ಹಾಗಿಲ್ವಾ? ನೀನು ಯಾರಿಗೂ ಹೇಳ್ಬೇಡ, ನೀನೇ ಮಾಡಿದ್ದು ಅಂತ ತೋರಿಸು. ಆಮೇಲೆ ಒಂದೊಂದೂ ಹೇಗೆ ಮಾಡ್ದೆ ಅಂತ ಕಲಿಸ್ತೀನಿ.”

ಮಗಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆದರೂ ನೋಡಿದೆ. ಅವಳು ಅಪ್ಪನ ಕೈ ನೋಡುತ್ತಿದ್ದಳು. ತೋರುಬೆರಳಿಗೆ ಪಟ್ಟಿ ಸುತ್ತಿತ್ತು, ಎಲ್ಲೋ ಬ್ಲೇಡ್ ತಗುಲಿರಬೇಕು.

“ಥ್ಯಾಂಕ್ಸ್ ಅಪ್ಪ,” ಎಂದಳು. “ತುಂಬ ಚೆನ್ನಾಗಿದೆ.”

ಇವರು ಸಿಳ್ಳೆ ಹಾಕುತ್ತಾ ಅಂಗಡಿಯ ಬಾಗಿಲು ತೆಗೆಯಲು ಹೋದರು. ನಾನು ಹಿಂದೆಯೇ ಹೊರಟೆ, ಬಾಯಿಗೆ ಬಂದಂತೆ ಬೈದುಬಿಡುವ ಕೋಪ ಬಂದಿತ್ತು. ನಟ್ಟು ನನ್ನ ತೋಳು ಹಿಡಿದಳು.

“ಬೇಡಮ್ಮ.”

“ಬೇಡ ಅಂದ್ರೆ? ನಿನ್ನದೆಲ್ಲ ಹಾಳಾಯ್ತಲ್ಲೇ! ಹೇಳಿದ್ರೆ ಅವರೇ ಮೊದಲಿನ ಹಾಗೆ ಮಾಡಿಕೊಡ್ತಾರೆ.”

“ಆಗಲ್ಲ. ಅದು ಯಾರೋ ಮಾಡಿದ್ದಲ್ಲ, ತಾನಾಗೇ ಸವೆದಿದ್ದು.” ಅವಳು ಮೇಜಿನ ಫ್ಯಾನಿನ ತಲೆ ಸವರಿದಳು. “ಹೇಳಿದ್ರೆ ಅಪ್ಪ ಅಳ್ತಾರಮ್ಮ.”

ನನಗೆ ಮನಸ್ಸು ಒಪ್ಪಲಿಲ್ಲ. ಅಂಗಡಿಗೆ ಹೋಗಿ, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. “ರೀ, ರಿಪೇರಿ ಮಾಡಿದ್ದನ್ನ ವಾಪಸ್ ಕೆಡಿಸೋಕಾಗುತ್ತಾ? ಮೊದಲು ಹೇಗಿತ್ತೋ ಥೇಟ್ ಹಾಗೇ?”

ಇವರು ಜೋರಾಗಿ ನಕ್ಕರು. “ಕೆಡಿಸೋದಕ್ಕೇನು, ಒಂದು ಸುತ್ತಿಗೆ ಸಾಕು. ಥೇಟ್ ಹಾಗೇ ಅಂದ್ರೆ, ಅದು ಯಾರ ಮನೇಲಿ ಓಡ್ತಿತ್ತೋ ಅಲ್ಲೇ ಇನ್ನೊಂದ್ಸಲ ಅಷ್ಟೇ ವರ್ಷ ಓಡ್ಬೇಕು. ಹಳೇ ಬುಷ್ಷೆಲ್ಲ ಗುಜರಿಯವನಿಗೆ ಹಾಕ್ದೆ. ಯಾಕೆ ಕೇಳ್ದೆ?”

ಸುಮ್ಮನೆ ಎಂದೆ. ಮೇಲೆ ಹೋಗಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮತ್ತೆ ಕೆಳಗಿಳಿದಾಗ ನಟ್ಟು ನೆಲದ ಮೇಲೆ ಕೂತು ಎಕ್ಸಾಸ್ಟ್ ಫ್ಯಾನಿನ ಚೌಕಟ್ಟಿನ ಸ್ಕ್ರೂ ಸಡಿಲಿಸುತ್ತಿದ್ದಳು. ಅವಳೇ ಆಗಲ್ಲ ಎಂದಿದ್ದಳು, ಆದರೂ ಕೈ ಬಿಟ್ಟಿರಲಿಲ್ಲ. ಡಬ್ ಡಬ್ ಒಂದಾದರೂ ವಾಪಸ್ ಬರಲಿ ಎಂದೇನೋ. ಇವರು ಇಣುಕಿ ನೋಡಿ, ಮಗಳು ಕಲಿಯಲು ಶುರುಮಾಡಿದ್ದಾಳೆಂದು ಹಿಗ್ಗಿ ಪಕ್ಕದಲ್ಲಿ ಕೂತರು.

“ಹಂಗಲ್ಲ ಪುಟ್ಟ, ಹಿಂಗೆ. ಎಡಕ್ಕೆ ತಿರುಗಿಸಿದ್ರೆ ಬಿಚ್ಕೊಳ್ಳುತ್ತೆ, ಬಲಕ್ಕೆ.”

ಅವಳು ಸಡಿಲಿಸಿದ ಒಂದೊಂದು ಸ್ಕ್ರೂವನ್ನೂ ಇವರು ಅವಳ ಕೈ ಹಿಡಿದು ಬಿಗಿಮಾಡಿಸಿದರು. ನಾನು ಬಾಗಿಲಲ್ಲಿ ಕೈಕೈ ಹಿಸುಕಿಕೊಂಡು ನಿಂತಿದ್ದೆ. ಇಷ್ಟು ಪ್ರೀತಿಯಿಂದ ಕೂತ ಮನುಷ್ಯನಿಗೆ ಯಾವ ಬಾಯಿಂದ ಬೈಯಲಿ?

ಮರುದಿನ ಶಾಲೆಯ ವೇದಿಕೆಯ ಮೇಲೆ ನಟ್ಟು ಎಲ್ಲವನ್ನೂ ಸಾಲಾಗಿ ಜೋಡಿಸಿ ನಿಂತಳು. “ಇವೆಲ್ಲ ಕೆಟ್ಟು ಮೂಲೇಲಿ ಬಿದ್ದಿದ್ವು. ಈಗ ಸರಿಯಾಗಿವೆ,” ಎಂದಳು. ಸುಳ್ಳು ಹೇಳಲಿಲ್ಲ. ಒಂದೊಂದೇ ಸ್ವಿಚ್ ಹಾಕಿದಳು, ಒಂದೊಂದೂ ಮರ್ಯಾದೆಯಿಂದ ತಿರುಗಿತು. ಬೆಲ್ಲು ಟಿಂ ಟಾಂ ಎಂದಾಗ ಮಕ್ಕಳೆಲ್ಲ ಹೋ ಎಂದು ಕೂಗಿದರು. ಎರಡನೇ ಬಹುಮಾನ ಬಂತು. ಕ್ಲಾಸ್ ಟೀಚರು ನಮ್ಮಲ್ಲಿಗೇ ಬಂದು ಕೈಮುಗಿದು, “ನೋಡಿದ್ರಾ? ಹುಡುಕಿದ್ರೆ ಸಿಗುತ್ತೆ ಅಂದಿದ್ನಲ್ಲ. ಅಪ್ಪ ಅಮ್ಮ ಅಂದ್ರೆ ನಿಮ್ಮ ಥರ ಇರ್ಬೇಕು,” ಎಂದರು. ಇವರು ಕರ್ಚೀಫು ಮುಖಕ್ಕೆ ಒತ್ತಿಕೊಂಡಿದ್ದರು.

ಅವತ್ತಿನಿಂದ ಅಂಗಡಿಯಲ್ಲಿ ಇವರ ಸ್ಟೂಲಿನ ಪಕ್ಕ ಇನ್ನೊಂದು ಸ್ಟೂಲು ಬಂದಿದೆ. ಶಾಲೆ ಬಿಟ್ಟೊಡನೆ ಅವಳು ಅಲ್ಲಿ. ಹಿಂದಿನ ಕೋಣೆಯಲ್ಲಿ ಈಗ ಬಿಡಿಭಾಗಗಳ ಡಬ್ಬಗಳಿವೆ. ಒಮ್ಮೆ ನಾನು ಗುಟ್ಟಾಗಿ ಕೇಳಿದೆ, “ಬೇರೆ ಕೆಟ್ಟಿದ್ದು ಬರ್ತಾನೇ ಇರುತ್ತಲ್ಲೇ, ಹೊಸದಾಗಿ ಶುರುಮಾಡ್ಬಾರ್ದಾ?”

“ಎಲ್ಲಿ ಬಿಡ್ತಾರೆ? ಬಂದಿದ್ದನ್ನೆಲ್ಲ ನನ್ನ ಮುಂದೆ ಇಟ್ಟು, ಮಾಡು ಮಗಳೇ ಅಂತಾರೆ,” ಎಂದಳು. “ಅನಾಥಾಲಯಾನೂ ಖಾಲಿ ಮಾಡಿಸಿದ್ರು.” ಆಮೇಲೆ, “ಅಪ್ಪ ಈಗ ಬೆಳಿಗ್ಗೆ ಹಾಡ್ಕೊಂಡು ಏಳ್ತಾರೆ, ಗಮನಿಸಿದ್ಯಾ?” ಎಂದಳು. ಗಮನಿಸಿದ್ದೆ.

ಹೇಳಿಬಿಡಬೇಕು ಎಂದು ನಾನು ದಿನಾ ಅಂದುಕೊಳ್ಳುತ್ತೇನೆ. ಹೇಳಿದರೆ ಇವರು ಕುಸಿಯುತ್ತಾರೆ, ಹೇಳದಿದ್ದರೆ ಅವಳು. ಅವಳು ಕುಸಿಯುವುದೂ ಇಲ್ಲ, ಅದೇ ನನಗೆ ಭಯ. ಚೆನ್ನಾಗಿ ಕಲಿಯುತ್ತಿದ್ದಾಳೆ.

ನಿನ್ನೆ ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಎದುರು ಬೀದಿಯ ಟೈಲರಮ್ಮ ಒಂದು ಹಳೆಯ ಮೇಜಿನ ಫ್ಯಾನು ತಂದಿದ್ದರು. ನಟ್ಟು ಪ್ಲಗ್ ಹಾಕಿದಳು. ಅಂಥ ಸದ್ದು ನಾನು ಈವರೆಗೆ ಕೇಳಿರಲಿಲ್ಲ. ಮೊದಲು ಯಾರೋ ಗಂಟಲು ಸರಿಮಾಡಿಕೊಂಡಂತೆ, ಆಮೇಲೆ ಕೆಳಗಿನಿಂದ ಮೇಲಕ್ಕೆ ಏರುವ ಒಂದು ಸಣ್ಣ ಕೂಗು, ಏರಿದ್ದು ನಾಲ್ಕಾರು ತುಂಡಾಗಿ ಉದುರಿತು. ಮತ್ತೆ ಮೊದಲಿನಿಂದ. ಮಗಳ ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಅಪ್ಪ, ಇದನ್ನ ಎರಡು ದಿನ ಇಟ್ಕೊಳ್ಳೋಣ್ವಾ?” ಎಂದಳು.

“ಯಾಕೆ? ಹತ್ತು ನಿಮಿಷದ ಕೆಲಸ.”

“ಇವತ್ತೇ ಮಾಡಿಕೊಡಮ್ಮ,” ಎಂದರು ಟೈಲರಮ್ಮ. “ಈ ಗಲಾಟೇಲಿ ಮೊಮ್ಮಗು ಕಣ್ಣೇ ಮುಚ್ಚಲ್ಲ. ಮಗಳಿಗೂ ನಿದ್ದೆ ಇಲ್ಲ.”

ಅದೂ ನ್ಯಾಯವೇ. ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ನಟ್ಟು ತಲೆಯೆತ್ತಿ ನನ್ನನ್ನು ನೋಡಿ, ಬೇಡ ಎಂದು ಕಣ್ಣಲ್ಲೇ ಹೇಳಿದಳು. ಸ್ವಿಚ್ ಆರಿಸುವ ಮುಂಚೆ ಇನ್ನೊಂದು ಸುತ್ತು ಕೇಳಿಸಿಕೊಂಡಳು. ಆಮೇಲೆ ಜಾಲರಿ ತೆಗೆದಳು, ರೆಕ್ಕೆ ಬಿಚ್ಚಿದಳು, ಸವೆದ ಬುಷ್ ತಟ್ಟಿ ಹೊರಗೆ ತೆಗೆದಳು. ಕೈ ಎಲ್ಲೂ ತಡವರಿಸಲಿಲ್ಲ. ಇವರು ಪಕ್ಕದಲ್ಲಿ ಕೂತು ಟೈಲರಮ್ಮನಿಗೆ, “ಶಬ್ದ ಕೇಳೇ ಎಲ್ಲಿ ಕೆಟ್ಟಿದೆ ಅಂತ ಹೇಳ್ತಾಳೆ ನನ್ನ ಮಗಳು. ನನಗೂ ಅಷ್ಟು ಕಿವಿ ಇಲ್ಲ,” ಎನ್ನುತ್ತಿದ್ದರು.

ಎಣ್ಣೆ ಬಿಟ್ಟು, ಎಲ್ಲ ಜೋಡಿಸಿ, ಮತ್ತೆ ಪ್ಲಗ್ ಹಾಕಿದಳು. ಫ್ಯಾನು ತಿರುಗಿತು. ಏನೂ ಕೇಳಿಸಲಿಲ್ಲ. ಟೈಲರಮ್ಮ ಅವಳ ಗಲ್ಲ ಮುಟ್ಟಿ, ನೂರು ಕಾಲ ಬಾಳು ತಾಯಿ ಎಂದು ಫ್ಯಾನು ಎತ್ತಿಕೊಂಡು ಹೋದರು.

ನಟ್ಟು ಕೈ ಒರೆಸಿಕೊಂಡಳು. “ಮುಂದಿನದು ಕೊಡಪ್ಪ,” ಎಂದಳು.